ಶಾಲೆ ಬದಲಿಸಬೇಕಾ, ಇಲ್ಲೇ ಮುಂದುವರಿಸಬೇಕಾ? ಡಿಸ್ಲೆಕ್ಸಿಯಾ ಇರುವ ಮಗುವಿಗೆ ದಾರಿ ಆರಿಸುವಾಗ

ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ ಇದೆ ಅನ್ನುವ ಅಸೆಸ್‌ಮೆಂಟ್ ರಿಪೋರ್ಟ್ ಕೈಗೆ ಬಂದ ಮೇಲೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇದೇ ಶಾಲೆಯಲ್ಲಿ ಮುಂದುವರಿಸಬೇಕಾ, ರಿಸೋರ್ಸ್ ರೂಮ್ (ಇಂಥ ಮಕ್ಕಳಿಗೆ ಬೇರೆಯಾಗಿ ಕಲಿಸುವ ಕೊಠಡಿ) ಇರುವ ಶಾಲೆಗೆ ಹಾಕಬೇಕಾ, ಸಿಬಿಎಸ್‌ಇ ಬಿಟ್ಟು ಸ್ಟೇಟ್ ಸಿಲಬಸ್‌ಗೆ ಬರಬೇಕಾ, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ಬೋರ್ಡ್ ಎನ್‌ಐಒಎಸ್ ತಗೊಂಡರೆ ಮುಂದೆ ಕಾಲೇಜಿಗೆ ತೊಂದರೆ ಆಗಲ್ವಾ? ಸಣ್ಣ ಊರಿನಲ್ಲಿ ಇರುವವರ ಪ್ರಶ್ನೆ ಇನ್ನೂ ಕಷ್ಟದ್ದು: ನಮ್ಮ ತಾಲೂಕಿನಲ್ಲಿ ಇದ್ಯಾವುದೂ ಇಲ್ಲ, ಮಗುವಿಗೋಸ್ಕರ ಬೆಂಗಳೂರಿಗೆ ಮನೆ ಮಾಡಬೇಕಾ?

ನನ್ನ ಮಗನಿಗೂ ಡಿಸ್ಲೆಕ್ಸಿಯಾ ಇದೆ, ಹಾಗಾಗಿ ಈ ಗೊಂದಲ ನನಗೆ ಗೊತ್ತು. ಬೇರೆ ಪೋಷಕರು ಕೇಳಿದಾಗ ನಾನು ಮೊದಲು ಹೇಳುವ ಮಾತು ಒಂದೇ. ಈ ಎಲ್ಲ ಪ್ರಶ್ನೆಗಳ ಒಳಗೆ ಎರಡು ಬೇರೆ ಬೇರೆ ಕೆಲಸ ಕಲಸಿಹೋಗಿವೆ. ಒಂದು, ಮಗುವಿಗೆ ಓದಲು ಬರೆಯಲು ಕಲಿಸುವ ಕೆಲಸ. ಇನ್ನೊಂದು, ಓದು ನಿಧಾನವಾಗಿದ್ದರೂ ಪಾಠದಲ್ಲಿ, ಪರೀಕ್ಷೆಯಲ್ಲಿ ಮಗು ಹಿಂದೆ ಬೀಳದ ಹಾಗೆ ನೋಡಿಕೊಳ್ಳುವ ಕೆಲಸ, ಅಂದರೆ ರಿಯಾಯಿತಿಗಳು. ಪರೀಕ್ಷೆಯಲ್ಲಿ ಅರ್ಧ ಗಂಟೆ ಜಾಸ್ತಿ ಕೊಟ್ಟರೆ ಮಗುವಿಗೆ ಓದಲು ಬಂದುಬಿಡುವುದಿಲ್ಲ. ಹಾಗೆಯೇ ವಾರಕ್ಕೆ ಮೂರು ದಿನ ರೆಮಿಡಿಯಲ್ ಕ್ಲಾಸಿಗೆ, ಅಂದರೆ ಓದು ಬರಹವನ್ನು ಬೇರೆ ರೀತಿಯಲ್ಲಿ ಕಲಿಸುವ ಪಾಠಕ್ಕೆ ಕಳಿಸಿದರೆ ನಾಳೆಯ ಸಮಾಜ ವಿಜ್ಞಾನದ ಟೆಸ್ಟ್ ಹಗುರಾಗುವುದೂ ಇಲ್ಲ. ಎರಡೂ ಬೇಕು. ಯಾವುದಕ್ಕೆ ಎಷ್ಟು ಒತ್ತು ಅನ್ನುವುದು ಮಗುವಿನ ವಯಸ್ಸಿನ ಮೇಲೆ ಹೋಗುತ್ತದೆ. ಐದನೇ ತರಗತಿಯ ಒಳಗಿದ್ದರೆ ನಿಮ್ಮ ದುಡ್ಡು, ಸಮಯ, ಜಗಳ ಎಲ್ಲವೂ ಕಲಿಸುವ ಕಡೆಗೆ ಹೋಗಲಿ. ಎಂಟನೇ ತರಗತಿ ದಾಟಿದ್ದರೆ ರಿಯಾಯಿತಿ ಮತ್ತು ಬೋರ್ಡ್ ಕಡೆಗೆ ಜಾಸ್ತಿ ಹೋಗಲಿ. ನಡುವಿನವರಿಗೆ ಎರಡೂ ಸಮ.

ಯಾವ ದಾರಿ ಹಿಡಿದರೂ ಬೇಕಾಗುವುದು

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಇದನ್ನು ಬಿಟ್ಟು ನೇರವಾಗಿ ಕಲಿಕೆಯ ಪರೀಕ್ಷೆಗೆ ಹೋಗುವವರು ತುಂಬ ಜನ. ಆಮೇಲೆ ಪೂರ್ತಿ ಅಸೆಸ್‌ಮೆಂಟ್. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಆಯಿಷ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇಂಥ ಸರ್ಕಾರಿ ಸಂಸ್ಥೆಗಳಲ್ಲಿ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಖಾಸಗಿಯಲ್ಲಿ ಬೇಗ ಆಗುತ್ತದೆ, ಆದರೆ ಸಾವಿರಗಳ ಲೆಕ್ಕ. ಕಲಿಸಲು ಶುರು ಮಾಡುವುದಕ್ಕೆ ಒಳ್ಳೆಯ ಖಾಸಗಿ ರಿಪೋರ್ಟ್ ಸಾಕು. ಬೋರ್ಡ್ ಪರೀಕ್ಷೆಯ ರಿಯಾಯಿತಿಗೆ ಮಾತ್ರ ಸರ್ಕಾರ ಒಪ್ಪುವ ಆಸ್ಪತ್ರೆ ಅಥವಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಹಾಗಾಗಿ ಆತುರ ಇದ್ದರೆ ಖಾಸಗಿಯಲ್ಲಿ ಮಾಡಿಸಿ ಕಲಿಸಲು ತೊಡಗಿ, ಸರ್ಕಾರಿ ಸರದಿಯಲ್ಲೂ ಹೆಸರು ಬರೆಸಿ.

ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದು 8 ವರ್ಷದಿಂದ, ಆಮೇಲೆ 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ. ಇದನ್ನು ಕೇಳಿದ ಕೆಲವು ಶಾಲೆಗಳು "ಎಂಟು ತುಂಬಲಿ, ಆಮೇಲೆ ನೋಡೋಣ" ಅನ್ನುತ್ತವೆ. ದಯವಿಟ್ಟು ಒಪ್ಪಬೇಡಿ. ಎಂಟರ ಲೆಕ್ಕ ಪ್ರಮಾಣಪತ್ರಕ್ಕೆ. ಆರು ವರ್ಷದ ಮಗು ಕ, ಖ, ಗ ಹಿಡಿಯಲು ಒದ್ದಾಡುತ್ತಿದ್ದರೆ ಅದಕ್ಕೆ ಬೇರೆ ರೀತಿಯಲ್ಲಿ ಕಲಿಸಲು ಯಾರ ಸಹಿಯೂ ಬೇಕಿಲ್ಲ. ಆ ಎರಡು ವರ್ಷ ಸುಮ್ನೆ ಕಳೆದರೆ ಮಗು ಕಲಿಯುವುದು ಒಂದೇ, ತಾನು ದಡ್ಡ ಅಂತ.

ಕಾನೂನು ನಿಮ್ಮ ಕಡೆಗಿದೆ ಅನ್ನುವುದೂ ನೆನಪಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಅದರ 16ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ತೆಗೆದುಕೊಳ್ಳುವಂತೆ ಮಾಡಲು ಸರ್ಕಾರ ಪ್ರಯತ್ನಿಸಬೇಕು. 17ನೇ ಕಲಂ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಶಾಲೆಗೆ ಪತ್ರ ಬರೆಯುವಾಗ ಈ ಎರಡು ಕಲಂಗಳನ್ನು ಬರೆಯಿರಿ. ಬಾಯಿಮಾತಿಗಿಂತ ಪತ್ರಕ್ಕೆ ಬೆಲೆ ಜಾಸ್ತಿ.

ಅಳೆಯುವುದು ಯಾವುದರಿಂದ

ಶಾಲೆಯ ಕಟ್ಟಡ, ಹೆಸರು, ಪೂಲ್ ಇವೆಲ್ಲ ಪಕ್ಕಕ್ಕಿಡಿ. ಮೊದಲ ಪ್ರಶ್ನೆ: ಓದಲು ಕಲಿಸುವವರು ಯಾರು, ವಾರಕ್ಕೆ ಎಷ್ಟು ಗಂಟೆ, ಒಬ್ಬರಿಗೆ ಎಷ್ಟು ಮಕ್ಕಳು? ಉತ್ತರದಲ್ಲಿ ಒಬ್ಬ ನಿಜವಾದ ಶಿಕ್ಷಕಿಯ ಹೆಸರು, ವಾರದ ದಿನಗಳು ಬರಬೇಕು. "ನಾವು ಎಲ್ಲ ಮಕ್ಕಳಿಗೂ ಗಮನ ಕೊಡ್ತೀವಿ" ಅಂದರೆ ಅಲ್ಲಿ ಏನೂ ಇಲ್ಲ ಅಂತಲೇ ತಿಳಿಯಿರಿ.

ಎರಡನೆಯದು ಮಗುವಿನ ದಣಿವು. ಡಿಸ್ಲೆಕ್ಸಿಯಾ ಇರುವ ಮಗು ಶಾಲೆಯಿಂದ ಬರುವಷ್ಟರಲ್ಲಿ ಬೇರೆ ಮಕ್ಕಳಿಗಿಂತ ಎಷ್ಟೋ ಜಾಸ್ತಿ ದಣಿದಿರುತ್ತದೆ, ಯಾಕೆಂದರೆ ಬೋರ್ಡಿನಿಂದ ಎರಡು ಸಾಲು ನಕಲು ಮಾಡುವುದಕ್ಕೂ ಅದು ಪೂರ್ತಿ ಗಮನ ಹಾಕಬೇಕು. ಅದರ ಮೇಲೆ ಒಂದೂವರೆ ಗಂಟೆ ಬಸ್ಸು ಅಂದರೆ ಎಂಥ ಒಳ್ಳೆಯ ಶಾಲೆಯಾದರೂ ಲಾಭ ಉಳಿಯುವುದಿಲ್ಲ.

ಮೂರನೆಯದು, ಬೋರ್ಡ್ ಪರೀಕ್ಷೆಯ ಹೊತ್ತಿಗೆ ಏನೇನು ರಿಯಾಯಿತಿ ಸಿಗುತ್ತದೆ, ಆ ಶಾಲೆ ಮೊದಲು ಯಾರಿಗಾದರೂ ಕೊಡಿಸಿದೆಯಾ ಅನ್ನುವುದು. ನಾಲ್ಕನೆಯದು ಇಡೀ ವರ್ಷದ ಖರ್ಚು. ಫೀಸು ಮಾತ್ರ ಲೆಕ್ಕ ಹಾಕಬೇಡಿ, ಓಡಾಟ ಮತ್ತು ಮನೆಯಲ್ಲಿ ಒಬ್ಬರು ಕೆಲಸ ಬಿಡಬೇಕಾದರೆ ಆ ಸಂಬಳವನ್ನೂ ಸೇರಿಸಿ. ಕೊನೆಯದು, ವಾಪಸ್ ಬರುವ ಬಾಗಿಲು ತೆರೆದಿರುತ್ತದಾ? ಕೆಲವು ದಾರಿಗಳಿಂದ ಸುಲಭವಾಗಿ ಹಿಂದಿರುಗಬಹುದು, ಕೆಲವದರಿಂದ ಆಗಲ್ಲ. ಇದನ್ನು ಸೇರಿಸುವಾಗಲೇ ಕೇಳಬೇಕು.

ಇದೇ ಶಾಲೆ, ರಿಯಾಯಿತಿ ಮಾತ್ರ

ದುಡ್ಡು ಖರ್ಚಾಗದ ದಾರಿ, ಸ್ನೇಹಿತರು ಉಳಿಯುತ್ತಾರೆ. ಶಾಲೆಯಿಂದ ಕೇಳಬೇಕಾದ್ದು ಸಣ್ಣ ಸಣ್ಣ ವಿಷಯಗಳು. ಎಲ್ಲರ ಮುಂದೆ ಎದ್ದು ನಿಂತು ಓದು ಅನ್ನಬಾರದು. ಉಕ್ತಲೇಖನದ ಅಂಕವನ್ನು ತರಗತಿಯಲ್ಲಿ ಕೂಗಿ ಹೇಳಬಾರದು. ಬೋರ್ಡಿನ ನೋಟ್ಸನ್ನು ಫೋಟೋ ತೆಗೆಯಲು ಅಥವಾ ಜೆರಾಕ್ಸ್ ಪಡೆಯಲು ಬಿಡಬೇಕು. ವಿಜ್ಞಾನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು. ಬರೆದು ಹೇಳಲಾಗದ್ದನ್ನು ಬಾಯಲ್ಲಿ ಕೇಳಬೇಕು. ಇಷ್ಟನ್ನು ಮನಸ್ಸಿಟ್ಟು ಮಾಡುವ ಕ್ಲಾಸ್ ಟೀಚರ್ ಸಿಕ್ಕರೆ ಮಗುವಿನ ಬೆಳಗಿನ ಹೊಟ್ಟೆನೋವು ನಿಲ್ಲುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕೊರತೆ ಏನೆಂದರೆ ಇಲ್ಲಿ ಓದು ಕಲಿಸುವವರು ಇಲ್ಲ. ಏಳೆಂಟು ವರ್ಷದ ಮಗುವಿಗೆ ಇದೊಂದೇ ಸಾಕು ಅಂತ ಬಿಟ್ಟರೆ ಐದನೇ ತರಗತಿಗೆ ಪಾಠ ಉದ್ದವಾದಾಗ ಗೋಡೆ ಎದುರಾಗುತ್ತದೆ. ಒಂಬತ್ತನೇ ತರಗತಿಯ, ನಿಧಾನವಾಗಿಯಾದರೂ ಓದಲು ಬರುವ ಮಗುವಿಗೆ ಇದೇ ಸರಿಯಾದ ದಾರಿ. ಇನ್ನೊಂದು ಅಪಾಯ: ಮುಂದಿನ ವರ್ಷ ಟೀಚರ್ ಬದಲಾದರೆ ಎಲ್ಲ ಮೊದಲಿನಿಂದ. ಆದ್ದರಿಂದ ಒಪ್ಪಿಕೊಂಡದ್ದನ್ನು ಬರಹದಲ್ಲಿ ಪಡೆದು, ಪ್ರತಿ ಜೂನ್‌ನಲ್ಲಿ ಹೊಸ ಟೀಚರ್ ಕೈಗೆ ನೀವೇ ಕೊಡಿ.

ಇದೇ ಶಾಲೆ, ಹೊರಗೆ ರೆಮಿಡಿಯಲ್ ಟೀಚರ್

ಹೆಚ್ಚಿನ ಮನೆಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಅದರಲ್ಲೂ ಎರಡರಿಂದ ಆರನೇ ತರಗತಿಯ ಮಕ್ಕಳಿಗೆ. ಆದರೆ ರೆಮಿಡಿಯಲ್ ಅಂತ ಬೋರ್ಡ್ ಹಾಕಿಕೊಂಡು ಹೋಮ್‌ವರ್ಕ್ ಮುಗಿಸಿಕೊಡುವ ಟ್ಯೂಷನ್‌ಗಳೂ ಇವೆ. ವ್ಯತ್ಯಾಸ ಗುರುತಿಸುವುದು ಸುಲಭ. ಡಿಸ್ಲೆಕ್ಸಿಯಾದ ಬೇರು ಹೆಚ್ಚಾಗಿ ಇರುವುದು ಮಾತಿನ ಶಬ್ದಗಳನ್ನು ಬಿಡಿಸಿ, ಅಕ್ಷರಕ್ಕೆ ಜೋಡಿಸುವ ಕಡೆ. ಹಾಗಾಗಿ ನಿಜವಾದ ರೆಮಿಡಿಯಲ್ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಮಗುವಿನ ತರಗತಿ ಯಾವುದೇ ಇರಲಿ, ಅದು ಎಲ್ಲಿ ನಿಂತಿದೆಯೋ ಅಲ್ಲಿಂದ, ಒಂದೊಂದೇ ಮೆಟ್ಟಿಲು, ಕಣ್ಣು ಕಿವಿ ಕೈ ಮೂರನ್ನೂ ಬಳಸಿ, ಹಿಂದಿನದು ಗಟ್ಟಿಯಾದ ಮೇಲೆ ಮುಂದಿನದು. ಆರ್ಟನ್ ಗಿಲ್ಲಿಂಗ್‌ಹ್ಯಾಮ್ ಅಂತ ಕೇಳಿರಬಹುದು, 1930ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಈ ರೀತಿಯ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಟೀಚರ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ. ಮೂರು ತಿಂಗಳಲ್ಲಿ ಏನು ಕಲಿಸಬೇಕೆಂದಿದ್ದೀರಿ ಅಂತಲೂ ಕೇಳಿ. "ಇಷ್ಟು ತಿಂಗಳಲ್ಲಿ ವಾಸಿ ಮಾಡ್ತೀವಿ" ಅಂದವರಿಂದ ದೂರ ಇರಿ. ಡಿಸ್ಲೆಕ್ಸಿಯಾ ವಾಸಿಯಾಗುವ ಕಾಯಿಲೆ ಅಲ್ಲ, ಆದರೆ ಸರಿಯಾಗಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ.

ಇಲ್ಲಿ ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಗರದಲ್ಲಿ ಸಿಗುವ ರೆಮಿಡಿಯಲ್ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಕೆಲವು ಮಕ್ಕಳು ಕನ್ನಡವನ್ನು ನಿಧಾನವಾಗಿಯಾದರೂ ಸರಿಯಾಗಿ ಓದುತ್ತಾರೆ, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಪೂರ್ತಿ ಎಡವುತ್ತಾರೆ. ಹಾಗಂತ ಕನ್ನಡ ಎಲ್ಲರಿಗೂ ಸಲೀಸಲ್ಲ. ಕಲಿಯಬೇಕಾದ ರೂಪಗಳ ಸಂಖ್ಯೆಯೇ ದೊಡ್ಡದು. ಮಗು ದೀರ್ಘ ಬಿಡುತ್ತದೆ, ಒತ್ತಕ್ಷರ ನುಂಗುತ್ತದೆ, ಬ ಭ, ದ ಧ ಥ, ಪ ಷ ಅದಲುಬದಲಾಗುತ್ತವೆ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಮಾತ್ರ ಕಲಿಸುವ ಸೆಂಟರ್‌ಗೆ ಕಳಿಸಿದರೆ ಶಾಲೆಯ ಪಾಠಕ್ಕೆ ಏನೂ ಉಪಯೋಗ ಆಗಲ್ಲ. ಕಾಗುಣಿತವನ್ನು ಒಂದೊಂದೇ ಸ್ವರಚಿಹ್ನೆಯಾಗಿ ಬಿಡಿಸಿ, ಒತ್ತಕ್ಷರವನ್ನು ಕೊನೆಗೆ ತಂದು ಕಲಿಸಬಲ್ಲವರು ಬೇಕು. ನಿಮ್ಮ ಊರಿನಲ್ಲಿ ತಾಳ್ಮೆಯುಳ್ಳ ಕನ್ನಡ ಟೀಚರ್ ಒಬ್ಬರಿದ್ದರೆ, ಅವರಿಗೆ ತರಬೇತಿ ಪಡೆದ ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಶಿಕ್ಷಕರೊಬ್ಬರ ಮಾರ್ಗದರ್ಶನವನ್ನು ಆನ್‌ಲೈನ್‌ನಲ್ಲಿ ಕೊಡಿಸಿದರೆ, ದೂರದ ದುಬಾರಿ ಸೆಂಟರ್‌ಗಿಂತ ಅದೇ ಮೇಲು ಅಂತ ನನ್ನ ಅಭಿಪ್ರಾಯ.

ಖರ್ಚು? ಬೆಂಗಳೂರಿನಲ್ಲಿ ಗಂಟೆಗೆ ಕೆಲವು ನೂರರಿಂದ ಸಾವಿರ ದಾಟುವವರೆಗೂ ಕೇಳುತ್ತಾರೆ. ವಾರಕ್ಕೆ ಒಂದು ದಿನ ಎರಡು ಗಂಟೆಗಿಂತ ಮೂರು ದಿನ ನಲವತ್ತು ನಿಮಿಷ ಒಳ್ಳೆಯದು. ಈ ಪಾಠ ಸೇರಿಸುವಾಗ ಬೇರೆ ಯಾವುದಾದರೂ ಟ್ಯೂಷನ್ ತೆಗೆಯಿರಿ, ಆಟ ತೆಗೆಯಬೇಡಿ.

ಇದೇ ದುಡ್ಡನ್ನು ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇವಕ್ಕೆ ಹಾಕುವವರಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ, ಇವು ಡಿಸ್ಲೆಕ್ಸಿಯಾಕ್ಕೆ ಸಹಾಯ ಮಾಡುತ್ತವೆ ಅನ್ನಲು ಆಧಾರ ಇಲ್ಲ ಅಂತ ಹೇಳಿದೆ. ಆ ಹಣ ಪಾಠಕ್ಕೆ ಇರಲಿ.

ರಿಸೋರ್ಸ್ ರೂಮ್ ಇರುವ ಶಾಲೆ

ಮಗು ಎಲ್ಲರ ಜೊತೆ ತರಗತಿಯಲ್ಲಿರುತ್ತದೆ, ದಿನಕ್ಕೊಂದೆರಡು ಪಿರಿಯಡ್ ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗುತ್ತದೆ. ಚೆನ್ನಾಗಿ ನಡೆದರೆ ಇದಕ್ಕಿಂತ ಒಳ್ಳೆಯದಿಲ್ಲ: ಪಾಠ ಶಾಲೆಯ ಸಮಯದಲ್ಲೇ ಆಗುತ್ತದೆ, ಸಂಜೆ ಮಗುವಿಗೆ ಉಳಿಯುತ್ತದೆ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸ್ಪೆಷಲ್ ಎಜುಕೇಟರ್ ಇರಬೇಕು ಅಂತ ನಿಯಮ ಮಾಡಿದೆ. ಆದರೆ ಸಾವಿರ ಮಕ್ಕಳ ಶಾಲೆಗೆ ಒಬ್ಬರಿದ್ದರೆ ನಿಮ್ಮ ಮಗುವಿಗೆ ಸಿಗುವುದು ಎಷ್ಟು, ಅಲ್ವಾ?

ಭೇಟಿಗೆ ಹೋದಾಗ ಮುಖ್ಯೋಪಾಧ್ಯಾಯರ ಕೊಠಡಿಯಲ್ಲೇ ಮುಗಿಸಿ ಬರಬೇಡಿ. ರಿಸೋರ್ಸ್ ರೂಮ್‌ಗೆ ಕರೆದುಕೊಂಡು ಹೋಗಿ ಅನ್ನಿ, ಈ ವಾರದ ವೇಳಾಪಟ್ಟಿ ಕೇಳಿ, ಮಗು ಯಾವ ಪಿರಿಯಡ್ ಬಿಟ್ಟು ಬರಬೇಕು ಅಂತ ಕೇಳಿ. ಪಿಟಿ, ಚಿತ್ರಕಲೆ ಬಿಡಿಸಿ ಕೂರಿಸುವುದಾದರೆ ಬೇಡ ಅನ್ನಿ. ಆ ಮಗು ಗೆಲ್ಲುವ ಜಾಗವೇ ಅದಾಗಿರಬಹುದು. ಮೂರನೇ ಭಾಷೆಯ ಪಿರಿಯಡ್ ಆದರೆ ಸರಿ.

ಫೀಸಿನ ಜೊತೆ ರೆಮಿಡಿಯಲ್‌ಗೆ ಬೇರೆ ಹಣ ಕೇಳುವ ಶಾಲೆಗಳಿವೆ, ಮಗುವಿನ ಜೊತೆ ಕೂರುವ ಸಹಾಯಕರ ಸಂಬಳವನ್ನೂ ಪೋಷಕರೇ ಕೊಡಲಿ ಅನ್ನುವವೂ ಇವೆ. ಎಲ್ಲವನ್ನೂ ಕೂಡಿಸಿ, ಹಿಂದಿನ ದಾರಿಯ ಖರ್ಚಿನ ಪಕ್ಕ ಇಟ್ಟು ನೋಡಿ. ಸಂಜೆಯೂ ಪಾಠಕ್ಕೆ ಕೂರಲು ಶಕ್ತಿ ಇಲ್ಲದ ಮಗುವಿಗೆ, ಓದಿನ ತೊಂದರೆಯ ಜೊತೆ ಎಡಿಎಚ್‌ಡಿಯೂ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇರುವ ಮಗುವಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಈ ದಾರಿ ಹೊಂದುತ್ತದೆ. ಮನೆಯಿಂದ ಅರ್ಧ ಗಂಟೆಯ ಒಳಗಿದ್ದರೆ ಮಾತ್ರ.

ಪೂರ್ತಿ ವಿಶೇಷ ಶಾಲೆ

ಸಣ್ಣ ತರಗತಿಗಳು, ದಿನವಿಡೀ ಮಗುವಿನ ವೇಗಕ್ಕೆ ಪಾಠ. ಶಾಲೆ ಅಂದರೆ ವಾಂತಿ ಮಾಡಿಕೊಳ್ಳುವ, ಪುಸ್ತಕ ಹರಿಯುವ, ಸಾಯ್ತೀನಿ ಅನ್ನುವ ಹಂತಕ್ಕೆ ಹೋದ ಮಗುವಿಗೆ ಇದು ಬೇಕಾಗಬಹುದು. ಸಾಯುವ ಮಾತು ಬಂದಿದ್ದರೆ ಶಾಲೆಯ ಯೋಚನೆ ಆಮೇಲೆ, ಮೊದಲು ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ. ಡಿಸ್ಲೆಕ್ಸಿಯಾ ಮಾತ್ರ ಇರುವ ಹೆಚ್ಚಿನ ಮಕ್ಕಳಿಗೆ ಪೂರ್ತಿ ವಿಶೇಷ ಶಾಲೆ ಬೇಕಿಲ್ಲ. ಅವರ ಬುದ್ಧಿಗೆ ತಕ್ಕ ವಿಜ್ಞಾನ, ಚರ್ಚೆ, ಗೆಳೆಯರು ಸಾಮಾನ್ಯ ಶಾಲೆಯಲ್ಲೇ ಸಿಗುತ್ತಾರೆ. ಸೇರಿಸುವುದಾದರೆ ಒಂದೆರಡು ವರ್ಷಕ್ಕೆ ಅಂತ ಮಾತಾಡಿಕೊಂಡು ಸೇರಿಸಿ. ಎಷ್ಟು ಮಕ್ಕಳು ಸಾಮಾನ್ಯ ಶಾಲೆಗೆ ವಾಪಸ್ ಹೋಗಿದ್ದಾರೆ ಅಂತ ಕೇಳಿ. ಯಾರೂ ಹೋಗಿಲ್ಲ ಅಂದರೆ ಅದೇ ಉತ್ತರ.

ಸರ್ಕಾರಿ ಶಾಲೆ, ಸಣ್ಣ ಊರು

ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲೂಕು ಮಟ್ಟದಲ್ಲಿ ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುತ್ತಾರೆ. ತಾಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಅವರನ್ನು ಭೇಟಿ ಮಾಡಿ. ಒಬ್ಬರ ಮೇಲೆ ಎಷ್ಟೋ ಶಾಲೆಗಳ ಹೊಣೆ ಇರುವುದರಿಂದ ದಿನವೂ ಬಂದು ಕಲಿಸುವುದು ಆಗದ ಮಾತು. ಆದರೆ ಮಗುವಿನ ಹೆಸರನ್ನು ದಾಖಲಿಸುವುದು, ಪ್ರಮಾಣಪತ್ರದ ದಾರಿ ತೋರಿಸುವುದು, ಕ್ಲಾಸ್ ಟೀಚರ್‌ಗೆ ತಿಳಿಹೇಳುವುದು ಅವರಿಂದ ಆಗುತ್ತದೆ. ದಿನದ ಇಪ್ಪತ್ತು ನಿಮಿಷದ ಪಾಠ ಮನೆಯವರದ್ದು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಪದವನ್ನು ಶಬ್ದ ಶಬ್ದವಾಗಿ ಚಪ್ಪಾಳೆ ತಟ್ಟಿ ಬಿಡಿಸುವುದು, ಪಾಠವನ್ನು ನೀವು ಓದಿ ಮಗುವಿಗೆ ಕೇಳಿಸುವುದು. ಅಜ್ಜಿ, ಅಕ್ಕ, ಚಿಕ್ಕಪ್ಪ ಯಾರಾದರೂ ಮಾಡಬಹುದು. ಕನ್ನಡ ಪುಟದ ಫೋಟೋ ತೆಗೆದರೆ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಮೊಬೈಲ್‌ನಲ್ಲಿದೆ, ಮಾತಾಡಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವೂ ಇದೆ. ಆರನೇ ತರಗತಿಯ ಮೇಲಿನ ಮಕ್ಕಳಿಗೆ ಇವನ್ನು ಕಲಿಸಿಕೊಡಿ.

ಬೆಂಗಳೂರಿಗೆ ಮನೆ ಬದಲಿಸುವುದು? ಕೆಲಸ, ಬಂಧುಗಳು, ಬಾಡಿಗೆ ಎಲ್ಲ ಹೊಂದಿದರೆ ಯೋಚಿಸಿ. ಮಗುವಿನ ರೆಮಿಡಿಯಲ್ ಪಾಠ ಒಂದಕ್ಕೇ ಆದರೆ ಬೇಡ. ವರ್ಷಕ್ಕೆರಡು ಸಲ ಮೈಸೂರಿಗೋ ಧಾರವಾಡಕ್ಕೋ ಹೋಗಿ ಮಗು ಎಲ್ಲಿಗೆ ಬಂದಿದೆ ಅಂತ ನೋಡಿಸಿಕೊಂಡು ಬಂದು, ಉಳಿದದ್ದನ್ನು ಊರಿನಲ್ಲೇ ಮಾಡಿದರೆ ಅಜ್ಜ ಅಜ್ಜಿಯರೂ ಉಳಿಯುತ್ತಾರೆ, ಸಾಲವೂ ತಪ್ಪುತ್ತದೆ.

ಬೋರ್ಡ್‌ಗಳ ವಿಚಾರ

ಎಂಟನೇ ತರಗತಿಯ ಹೊತ್ತಿಗೆ ಇದೇ ದೊಡ್ಡ ಪ್ರಶ್ನೆ. 625 ಅಂಕಗಳ ಎಸ್‌ಎಸ್‌ಎಲ್‌ಸಿ ಪದ್ಧತಿಯಲ್ಲಿ ಮೂರು ಭಾಷೆಗಳಿಗೇ 325 ಅಂಕ. ಅರ್ಧಕ್ಕಿಂತ ಜಾಸ್ತಿ! ಓದು ಬರಹವೇ ಕಷ್ಟವಾದ ಮಗುವಿಗೆ ಮೂರು ಭಾಷೆ, ಮೂರು ಲಿಪಿ. ರಿಯಾಯಿತಿ ಇಲ್ಲದೆ ಇಲ್ಲಿ ತುಂಬ ಕಷ್ಟ. ಆದರೆ ರಾಜ್ಯದ ಬೋರ್ಡ್ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಭಾಷೆಯ ವಿನಾಯಿತಿ, ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಗಣಿತ ವಿಜ್ಞಾನದ ಬದಲು ಪರ್ಯಾಯ ವಿಷಯಗಳು ಇವನ್ನು ಕೊಡುತ್ತದೆ, ಇದು ಎಷ್ಟೋ ಶಾಲೆಗಳಿಗೇ ಗೊತ್ತಿಲ್ಲ. ಪರ್ಯಾಯ ವಿಷಯ ತೆಗೆದುಕೊಳ್ಳುವ ಮೊದಲು ಒಂದು ಮಾತು: ಗಣಿತ, ವಿಜ್ಞಾನ ಬಿಟ್ಟರೆ ಮುಂದೆ ಪಿಯುಸಿಯಲ್ಲಿ ಸೈನ್ಸ್‌ಗೆ ಹೋಗುವ ದಾರಿ ಮುಚ್ಚುತ್ತದೆ. ಓದಲು ಮಾತ್ರ ಕಷ್ಟ, ಲೆಕ್ಕ ಚೆನ್ನಾಗಿದೆ ಅನ್ನುವ ಮಗುವಿಗೆ ಪಾಸಾದರೆ ಸಾಕು ಅಂತ ಗಣಿತ ಬಿಡಿಸಬೇಡಿ.

ಸಿಬಿಎಸ್‌ಇಯಲ್ಲಿ ಮೂರನೇ ಭಾಷೆಯಿಂದ ವಿನಾಯಿತಿ ಇದೆ, ಹತ್ತನೇ ತರಗತಿಗೆ ಎರಡರ ಬದಲು ಒಂದೇ ಭಾಷೆ ತೆಗೆದುಕೊಂಡು ಉಳಿದ ವಿಷಯ ಆರಿಸಿಕೊಳ್ಳಬಹುದು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಓದಿ ಹೇಳುವವರು, ಬರೆಯುವವರು ಸಿಗುತ್ತಾರೆ. ಕಷ್ಟ ಇರುವುದು ದೊಡ್ಡ ತರಗತಿಗಳ ವೇಗದಲ್ಲಿ. ಐಸಿಎಸ್‌ಇಯಲ್ಲೂ ಇಂಥ ರಿಯಾಯಿತಿಗಳಿವೆ, ಆದರೆ ಇಂಗ್ಲಿಷ್ ಸಾಹಿತ್ಯದ ಭಾರ ಜಾಸ್ತಿ. ಓದಿ ಕೇಳಿಸಿದರೆ ಖುಷಿಯಿಂದ ಕಥೆ ಚರ್ಚಿಸುವ ಮಗು ಅಲ್ಲಿ ಹೊಳೆಯಬಹುದು, ಉಳಿದವರಿಗೆ ನಾನು ಹೇಳುವುದಿಲ್ಲ.

ಎನ್‌ಐಒಎಸ್ ಬಗ್ಗೆ ಹೆದರಿಕೆ ಬೇಡ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಬೋರ್ಡ್ ಅದು, ಅದರ ಪ್ರಮಾಣಪತ್ರ ಬೇರೆ ಬೋರ್ಡ್‌ಗಳದ್ದಕ್ಕೆ ಸಮ. ಐದು ವಿಷಯ, ಅದರಲ್ಲಿ ಒಂದೇ ಭಾಷೆ ಇದ್ದರೂ ಸಾಕು. ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ಇಂಥ ವಿಷಯಗಳೂ ಇವೆ. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಸೆಕೆಂಡರಿಗೆ ಸೇರಲು 14 ವರ್ಷ ತುಂಬಿರಬೇಕು. ಕೊರತೆ ಒಂದೇ, ಅದು ದೊಡ್ಡದು: ದಿನವೂ ಶಾಲೆ ಇಲ್ಲ. ಪುಸ್ತಕ ಕಳಿಸುತ್ತಾರೆ, ವಾರಾಂತ್ಯಕ್ಕೆ ಕೆಲವು ಸಂಪರ್ಕ ತರಗತಿಗಳಿರುತ್ತವೆ, ಉಳಿದದ್ದೆಲ್ಲ ಮನೆಯಲ್ಲಿ. ಓದಲು ಕಷ್ಟಪಡುವ ಮಗುವಿನ ಕೈಗೆ ತಾನೇ ಓದಿಕೋ ಅಂತ ಪುಸ್ತಕ ಕೊಟ್ಟಂತಾಗುತ್ತದೆ. ಕಲಿಸುವವರೊಬ್ಬರು, ಹೊರಗೆ ಹೋಗಿ ಬೆರೆಯಲು ಆಟ, ಸಂಗೀತ ಅಥವಾ ಕೆಲಸ ಕಲಿಯುವ ಜಾಗ ಒಂದು, ಇವೆರಡೂ ಗೊತ್ತಾದ ಮೇಲೆ ಮಾತ್ರ ಈ ಬೋರ್ಡ್‌ಗೆ ಹೋಗಿ. ಎನ್‌ಐಒಎಸ್ ಪರೀಕ್ಷೆಗೆ ಪೂರ್ಣಾವಧಿ ತರಗತಿ ನಡೆಸುವ ಶಾಲೆಗಳು ದೊಡ್ಡ ನಗರಗಳಲ್ಲಿವೆ, ಕೈಗೆಟುಕಿದರೆ ಈ ಕೊರತೆ ನೀಗುತ್ತದೆ. ಪುಸ್ತಕ, ಪರೀಕ್ಷೆ ಯಾವ ಮಾಧ್ಯಮದಲ್ಲಿ ಅಂತ ಸೇರುವ ಮೊದಲೇ ನೋಡಿಕೊಳ್ಳಿ, ಕನ್ನಡ ಮಾಧ್ಯಮದಿಂದ ಬರುವವರಿಗೆ ಇದು ಮುಖ್ಯ.

ಯಾರಿಗೆ ಯಾವುದು

ಮಗು ಮೂರನೇ ತರಗತಿ, ಟೀಚರ್ ಒಳ್ಳೆಯವರು, ಕೈಯಲ್ಲಿ ಸ್ವಲ್ಪ ಹಣ ಇದೆ ಅಂದರೆ ಶಾಲೆ ಬದಲಿಸಬೇಡಿ, ಹೊರಗಿನ ರೆಮಿಡಿಯಲ್ ಹಿಡಿಯಿರಿ. ಅದೇ ಮಗು, ಆದರೆ ಶಾಲೆಯವರು ಪತ್ರ ಕೊಟ್ಟ ಮೇಲೂ ಬೈಯುವುದು, ಬೆಂಚ್ ಮೇಲೆ ನಿಲ್ಲಿಸುವುದು ಬಿಟ್ಟಿಲ್ಲ ಅಂದರೆ ವರ್ಷ ಮುಗಿಯುವುದಕ್ಕೂ ಕಾಯದೆ ಬದಲಿಸಿ, ಹತ್ತಿರದ ಸಣ್ಣ ಸಾಧಾರಣ ಶಾಲೆಗಾದರೂ ಸರಿ. ಹಣ ಇಲ್ಲ ಅಂದರೆ ಸರ್ಕಾರಿ ಅಸೆಸ್‌ಮೆಂಟ್, ಬಿಐಇಆರ್‌ಟಿ, ಮನೆಯ ಇಪ್ಪತ್ತು ನಿಮಿಷ. ಏಳನೇ ತರಗತಿಯಲ್ಲಿದ್ದು ಇನ್ನೂ ಎರಡನೇ ತರಗತಿಯ ಮಟ್ಟದಲ್ಲಿ ಓದುತ್ತಿದ್ದರೆ ರಿಸೋರ್ಸ್ ರೂಮ್ ಶಾಲೆ ಅಥವಾ ಒಂದು ವರ್ಷದ ವಿಶೇಷ ಶಾಲೆ, ಜೊತೆಗೆ ಎನ್‌ಐಒಎಸ್ ಮನಸ್ಸಿನಲ್ಲಿರಲಿ.

ಒಂಬತ್ತನೇ ತರಗತಿಗೆ ಬಂದವರು ಈ ವಾರವೇ ಶಾಲೆಗೆ ಹೋಗಿ. ಸಿಬಿಎಸ್‌ಇ, ಐಸಿಎಸ್‌ಇಯಲ್ಲಿ ಬೋರ್ಡ್ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ರಿಯಾಯಿತಿಯ ಅರ್ಜಿ ಹೋಗುವುದು ಶಾಲೆಯ ಮೂಲಕ. ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ, 14ರ ಮರುಪರೀಕ್ಷೆ ಬಾಕಿ ಇದ್ದರೆ ಈಗಲೇ ದಿನಾಂಕ ತೆಗೆದುಕೊಳ್ಳಿ. ಪ್ರತಿಗಳನ್ನು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಬರೆಯುವ ಸಹಾಯಕರ ಜೊತೆ ಪರೀಕ್ಷೆ ಬರೆಯುವುದು ತಾನಾಗಿ ಬರುವ ವಿದ್ಯೆ ಅಲ್ಲ, ಹಾಗಾಗಿ ಅರ್ಧವಾರ್ಷಿಕ ಪರೀಕ್ಷೆಯಿಂದಲೇ ಮಗುವಿಗೆ ಅದರ ಅಭ್ಯಾಸ ಮಾಡಿಸಲು ಶಾಲೆಯನ್ನು ಕೇಳಿಕೊಳ್ಳಿ.